ಪಟ್ಟಿಯಣ್ಣ ಲಕ್ಷಣ

ಉಳವಿ ಎಂದೊಡನೆ ನಾಡಿನ ಹೆಚ್ಚಿನ ಓದುಗರ ಮನಸ್ಸು ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿಗೆ, ಚನ್ನಬಸವಣ್ಣನವರು ಐಕ್ಯರಾದ ಕ್ಷೇತ್ರಕ್ಕೆ ಹೋಗುವುದು ಸಹಜ. ಅಲ್ಲಿಗೆ ಭಕ್ತರು ತಾವಾಗಿಯೇ ಚಕ್ಕಡಿ ಕಟ್ಟಿಕೊಂಡು ಬಂದು ಕಾಣಿಕೆ ಹಾಕಿ ಹೋಗುವುದರಿಂದ ಈ ಬರಹದ ವಿಷಯಕ್ಕೂ ಆ ಊರಿಗೂ ಯಾವ ಸಂಬಂಧವೂ ಇಲ್ಲ. ಇಲ್ಲಿ ವಿಚಾರಕ್ಕೆ ಎತ್ತಿಕೊಂಡಿರುವುದು ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಉಳವಿಯನ್ನು, ಎಂದರೆ ಗದ್ದೆ, ತೋಟ, ಶುಂಠಿ ಹೊಲಗಳ ನಡುವೆ ಕುಳಿತು ಒಂದು ಕಣ್ಣನ್ನು ಸೊರಬದ ತಾಲ್ಲೂಕು ಕಚೇರಿಯ ಮೇಲೂ ಇನ್ನೊಂದನ್ನು ಸಾಗರದ ಅಡಿಕೆ ಮಾರುಕಟ್ಟೆಯ ಮೇಲೂ ಇಟ್ಟುಕೊಂಡಿರುವ ಹೋಬಳಿ ಕೇಂದ್ರವನ್ನು. ಇಲ್ಲಿ ಕಾಣಿಕೆ ತಾನಾಗಿ ಬರುವುದಿಲ್ಲ, ಹೋಗಿ ತರಬೇಕಾಗುತ್ತದೆ, ಹಾಗೆ ತರುವವನೇ ಈ ಅಧ್ಯಯನದ ನಾಯಕ.

ಪಟ್ಟಿ ಎಂದರೆ ಆಡುಮಾತಿನಲ್ಲಿ ಹತ್ತು ಜನರಿಂದ ಹಣ ಕೂಡಿಸುವ ಕೆಲಸ; ಗಣಪತಿ ಪಟ್ಟಿ, ನಾಟಕದ ಪಟ್ಟಿ, ಜಾತ್ರೆ ಪಟ್ಟಿ ಎಂಬ ಮಾತುಗಳು ಈ ಅರ್ಥದವು, ಪೇಟೆಯವರು ಚಂದಾ ಎನ್ನುವುದೂ ಆಹ್ವಾನ ಪತ್ರಿಕೆ ಅಚ್ಚು ಹಾಕಿಸುವವರು ದೇಣಿಗೆ ಎನ್ನುವುದೂ ಇದನ್ನೇ. ಪಟ್ಟಿ ಎತ್ತುವವರು ಪ್ರತಿ ಊರಿನಲ್ಲೂ ಹಲವರಿರುತ್ತಾರೆ, ಆದರೆ ದೇವರ ಭಯ, ಮಳೆಬೆಳೆಯ ಆಸೆ, ಮಧ್ಯಾಹ್ನದ ಪಾಯಸ ಇವುಗಳಲ್ಲಿ ಒಂದರ ಸಹಾಯವೂ ಇಲ್ಲದೆ, ಕೇವಲ ಕಾಲೇಜು ಹುಡುಗರ ಕಬಡ್ಡಿ ತಂಡಕ್ಕಾಗಿ, ಓಟದ ಹುಡುಗಿಯರ ಬೂಟಿಗಾಗಿ ಪಟ್ಟಿ ಎತ್ತುವವನನ್ನು ಪ್ರತ್ಯೇಕ ಪ್ರಭೇದವೆಂದೇ ಪರಿಗಣಿಸಬೇಕಾಗುತ್ತದೆ. ಊರಿನವರು ಅವನನ್ನು ಎದುರಿಗೆ ‘ಅಣ್ಣ’ ಎಂದೂ, ಅವನ ಬೈಕಿನ ಸದ್ದು ದೂರದ ತಿರುವಿನಲ್ಲಿ ಕೇಳಿದಾಗ ‘ಬಂದ, ಪಟ್ಟಿಯಣ್ಣ’ ಎಂದೂ ಕರೆಯುತ್ತಾರೆ. ಈ ಎರಡನೆಯ ಉದ್ಗಾರಕ್ಕೂ ಮನೆಯ ಯಜಮಾನ ಹಿತ್ತಿಲ ಬಾಗಿಲಿನಿಂದ ತೋಟಕ್ಕೆ ಇಳಿಯುವುದಕ್ಕೂ ನಡುವೆ ಹೆಚ್ಚು ಹೊತ್ತು ಇರುವುದಿಲ್ಲ.

ಅವನು ಕಾಣಿಸಿಕೊಳ್ಳುವ ಕಾಲ ನಿಶ್ಚಿತವಾದದ್ದು. ಗಣಪತಿ ನೀರಿಗೆ ಬಿದ್ದ ಮೇಲೆ, ದೀಪಾವಳಿಯ ಹೋರಿ ಹಬ್ಬದ ಪಟ್ಟಿ ಏಳುವುದಕ್ಕೆ ಮುಂಚೆ, ಜನರ ಜೇಬಿಗೆ ಸಿಗುವ ಕೆಲವೇ ವಾರಗಳ ವಿರಾಮದಲ್ಲಿ ಕಾಲೇಜುಗಳ ತಾಲ್ಲೂಕು ಮಟ್ಟದ, ಜಿಲ್ಲಾ ಮಟ್ಟದ ಕ್ರೀಡಾಕೂಟಗಳು ಬಂದು ಬೀಳುವುದರಿಂದ ಅವನೂ ಆಗಲೇ ಹೊರಡುತ್ತಾನೆ. ಅಂಗಿಯ ಜೇಬಿನಲ್ಲಿ ಎರಡು ಪೆನ್ನು, ಅವುಗಳಲ್ಲಿ ಒಂದು ಬರೆಯದ್ದು. ಕಂಕುಳಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ, ಅದರೊಳಗೆ ರಸೀದಿ ಪುಸ್ತಕ, ಎಂದರೆ ಕೊಟ್ಟವರಿಗೆ ಹರಿದು ಕೊಡುವ ಅರ್ಧ ಮತ್ತು ಪುಸ್ತಕದಲ್ಲೇ ಉಳಿಯುವ ಅರ್ಧ ಎಂದು ಪ್ರತಿ ಹಾಳೆಯನ್ನೂ ತೂತುಗಳ ಸಾಲಿನಿಂದ ಎರಡು ಮಾಡಿರುವ ಪುಸ್ತಕ. ಬರೆಯದ ಪೆನ್ನು ನಿರುಪಯೋಗಿ ಎಂದು ತಿಳಿಯಬಾರದು. ದಾನಿಯೊಬ್ಬ ‘ನೂರು ರೂಪಾಯಿ ಬರ್ಕೊ’ ಎಂದಾಗ ಪಟ್ಟಿಯಣ್ಣ ಆ ಪೆನ್ನನ್ನೇ ತೆಗೆದು, ಕೊಡವಿ, ಅಂಗೈ ಮೇಲೆ ಗೀಚಿ, ಮತ್ತೆ ಕೊಡವಿ, ನೂರು ಎಂಬ ಅಂಕಿ ಇನ್ನೂರಾಗಿ ಬೆಳೆಯಲು ಬೇಕಾದ ಅವಕಾಶವನ್ನು ಕಲ್ಪಿಸುತ್ತಾನೆ.

ಅವನ ಎಡಮಂಡಿಯ ಬಗ್ಗೆಯೂ ಹೇಳಬೇಕು. ಪ್ರತಿಯೊಬ್ಬ ಪಟ್ಟಿಯಣ್ಣನೂ ಒಂದು ಕಾಲದಲ್ಲಿ ತಾನೇ ಆಟಗಾರನಾಗಿದ್ದು ಮಂಡಿಯ ಏಟಿನಿಂದ ಮಾತ್ರ ಇತಿಹಾಸದಿಂದ ವಂಚಿತನಾದವನು, ಮತ್ತು ನಂಬದವರ ಮುಂದೆ ಪಂಚೆಯನ್ನು ಮೇಲೆತ್ತಿ ಆ ಮಂಡಿಯನ್ನು ದಾಖಲೆಯಾಗಿ ಹಾಜರುಪಡಿಸಬಲ್ಲವನು. ಮಂಡಿ ವರ್ಷದಿಂದ ವರ್ಷಕ್ಕೆ ಬದಲಾಗುವುದಿಲ್ಲ, ಆದರೆ ಅದಕ್ಕೆ ಏಟು ಬಿದ್ದ ಪಂದ್ಯ ಬೆಳೆಯುತ್ತ ಹೋಗುತ್ತದೆ: ಮೊದಲು ಹೋಬಳಿಯ ಪಂದ್ಯವಾಗಿದ್ದದ್ದು ತಾಲ್ಲೂಕಿನದಾಗಿ, ಜಿಲ್ಲೆಯದಾಗಿ, ಇತ್ತೀಚೆಗೆ ಕುವೆಂಪು ವಿಶ್ವವಿದ್ಯಾಲಯದ ತಂಡದ ಆಯ್ಕೆ ಪಂದ್ಯವಾಗಿ ನೆಲೆ ನಿಂತಿದೆ. ಶಂಕರಘಟ್ಟದ ಆ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1987ರಲ್ಲಿ, ಮಂಡಿಗೆ ಏಟು ಬಿದ್ದದ್ದು ಅವನದೇ ಹೇಳಿಕೆಯಂತೆ 1985ರಲ್ಲಿ; ಈ ಎರಡು ವರ್ಷಗಳ ಅಂತರವನ್ನು ಎತ್ತಿ ತೋರಿಸುವವನು ಸಾಮಾನ್ಯವಾಗಿ ದೇಣಿಗೆ ಕೊಡದವನೇ ಆಗಿರುತ್ತಾನೆ, ಆದ್ದರಿಂದ ಅವನ ಮಾತಿಗೆ ಊರಿನಲ್ಲಿ ಬೆಲೆಯಿಲ್ಲ.

ಇಂಥವನೊಬ್ಬ ಏಕೆ ಬೇಕಾಗುತ್ತಾನೆ ಎಂಬುದು ಲೆಕ್ಕದ ವಿಷಯ. ಹಳ್ಳಿಗಾಡಿನ ಸರ್ಕಾರಿ ಪದವಿಪೂರ್ವ ಕಾಲೇಜುಗಳಲ್ಲಿ ಪ್ರವೇಶದ ಜೊತೆಗೆ ಕ್ರೀಡಾ ಶುಲ್ಕವೆಂಬ ಸಣ್ಣ ಮೊತ್ತ ಪಾವತಿಯಾಗುತ್ತದೆ, ಶಾಸಕರ ಅಧ್ಯಕ್ಷತೆಯ ಕಾಲೇಜು ಅಭಿವೃದ್ಧಿ ಸಮಿತಿಯೂ ಇರುತ್ತದೆ, ಆದರೆ ದೈಹಿಕ ಶಿಕ್ಷಣ ಉಪನ್ಯಾಸಕರು ಇಲ್ಲದ ಕಾಲೇಜುಗಳು ಅನೇಕ. ಅಲ್ಲೆಲ್ಲ ಕನ್ನಡದ ಉಪನ್ಯಾಸಕರೋ ಅರ್ಥಶಾಸ್ತ್ರದವರೋ ಸೀಟಿಯನ್ನು ಕೊರಳಿಗೆ ಹಾಕಿಕೊಂಡು, ಊದುವುದು ಯಾವಾಗ ಎಂದು ಹುಡುಗರನ್ನೇ ಕೇಳಿಕೊಂಡು, ತಂಡದೊಂದಿಗೆ ಬಸ್ಸು ಹತ್ತುತ್ತಾರೆ. ಕಬಡ್ಡಿ ಬಡವರ ಆಟ, ಅದಕ್ಕೆ ಉಸಿರೊಂದಿದ್ದರೆ ಸಾಕು ಎಂಬ ಮಾತು ಹಿಂದೆ ನಿಜವಾಗಿತ್ತು. ಈಗ ಮೇಲಿನ ಹಂತದ ಪಂದ್ಯಗಳು ಮ್ಯಾಟಿನ ಮೇಲೆ, ಎಂದರೆ ರಬ್ಬರಿನಂಥ ಹಾಸುಗಳನ್ನು ಜೋಡಿಸಿ ಮಾಡಿದ 13 ಮೀಟರು ಉದ್ದ 10 ಮೀಟರು ಅಗಲದ ಅಂಕಣದಲ್ಲಿ ನಡೆಯುವುದರಿಂದ, ಮಳೆಗಾಲದ ಕೆಂಪು ರಾಡಿಯಲ್ಲಿ ಬರಿಗಾಲಲ್ಲಿ ಅಭ್ಯಾಸ ಮಾಡಿದ ಹುಡುಗರು ಅಲ್ಲಿ ಮೊದಲ ಬಾರಿಗೆ ಬೂಟು ಹಾಕಿಕೊಂಡು, ಎದುರಾಳಿಯ ಕೈಗೆ ಸಿಗುವುದಕ್ಕೆ ಮುಂಚೆ ತಮ್ಮ ಬೂಟಿಗೇ ಸಿಕ್ಕಿ ಬೀಳುತ್ತಾರೆ. ಬೂಟು, ಮಂಡಿಪಟ್ಟಿ, ಬೆನ್ನಿಗೆ ಅಂಕಿ ಬರೆಸಿದ ಬನಿಯನ್ನು, ನೋವಿಗೆ ಹೊಡೆಯುವ ಸ್ಪ್ರೇ, ಹೋಗಿಬರುವ ಖರ್ಚು, ಮೊಟ್ಟೆ, ಬಾಳೆಹಣ್ಣು ಎಂದು ಕೂಡಿಸುತ್ತ ಹೋದರೆ ಕ್ರೀಡಾ ಶುಲ್ಕದ ಹಣ ಮಂಡಿಪಟ್ಟಿಯ ಹತ್ತಿರವೇ ಮುಗಿದು, ಉಳಿದದ್ದಕ್ಕೆ ಪಟ್ಟಿಯಣ್ಣನ ಬೈಕಿಗೆ ಪೆಟ್ರೋಲು ಬೀಳುತ್ತದೆ.

ಹಾಗೆಂದು ಈ ಸೀಮೆಯವರನ್ನು ಕೈಬಿಗಿಯಾದವರೆಂದು ತೀರ್ಮಾನಿಸುವುದು ತಪ್ಪಾಗುತ್ತದೆ, ಅದಕ್ಕೆ ಹೋರಿ ಹಬ್ಬವೇ ಸಾಕ್ಷಿ. ಸೊರಬ, ಶಿಕಾರಿಪುರ ಮತ್ತು ಪಕ್ಕದ ಹಾವೇರಿ ಜಿಲ್ಲೆಯ ಊರುಗಳಲ್ಲಿ ದೀಪಾವಳಿಯಿಂದಾಚೆ ನಡೆಯುವ ಹೋರಿ ಬೆದರಿಸುವ ಹಬ್ಬದಲ್ಲಿ ಕೊಬ್ಬರಿ ಸರಗಳನ್ನೋ, ಬಲೂನು ಮತ್ತು ಜರತಾರಿ ಕಾಗದದ ಎತ್ತರದ ಪೀಪಿಯನ್ನೋ ಹೊತ್ತ ಹೋರಿಯನ್ನು ಜನಸಂದಣಿಯ ನಡುವೆ ಓಡಿಸುತ್ತಾರೆ, ಕೊಬ್ಬರಿ ಹರಿಯಲು ಯುವಕರು ಮೇಲೆ ಬೀಳುತ್ತಾರೆ, ಯಾರ ಕೈಗೂ ಸಿಗದೆ ಓಡಿಹೋದ ಹೋರಿ ಗೆಲ್ಲುತ್ತದೆ. ಹೋರಿಗೆ ಸಿನಿಮಾ ನಾಯಕನಿಗೆ ಒಪ್ಪುವಂಥ ಹೆಸರಿರುತ್ತದೆ, ಅಭಿಮಾನಿ ಬಳಗವಿರುತ್ತದೆ, ಆ ಬಳಗಕ್ಕೆ ಒಂದೇ ಬಣ್ಣದ ಟೀ ಶರ್ಟು ಇರುತ್ತದೆ, ಮತ್ತು ಇವೆಲ್ಲಕ್ಕೂ ಬೇಕಾದ ಹಣ ಯಾರೂ ಬಾಯಿಬಿಟ್ಟು ಕೇಳುವುದಕ್ಕೆ ಮುಂಚೆ ಬಂದು ಸೇರಿರುತ್ತದೆ. ಹುರುಳಿ, ಹತ್ತಿಕಾಳು, ಮೊಟ್ಟೆ ತಿಂದು ಮಿರುಗುವ ಆ ಹೋರಿಯನ್ನೂ, ಹಾಸ್ಟೆಲಿನ ಅನ್ನ ಸಾರು ತಿಂದು ಅದಕ್ಕಿಂತ ಹೆಚ್ಚು ದೂರ ಓಡಬೇಕಾದ ವಿದ್ಯಾರ್ಥಿಯನ್ನೂ ಒಟ್ಟಿಗೆ ನಿಲ್ಲಿಸಿ ನೋಡಿದ ಪಟ್ಟಿಯಣ್ಣನಿಗೆ ಈ ಸಮಸ್ಯೆಯ ಮೂಲ ಕಾಣದೆ ಇರಲಿಲ್ಲ: ಹೋರಿ ಒಬ್ಬನ ಕೊಟ್ಟಿಗೆಯದು, ಒಂದು ಊರಿನದು, ಅದು ಗೆದ್ದರೆ ಯಾರು ಮೀಸೆ ತಿರುವಬೇಕು, ಸೋತರೆ ಯಾರು ಯಾರನ್ನು ಬೈಯಬೇಕು ಎಂಬುದು ಮೊದಲೇ ಇತ್ಯರ್ಥವಾಗಿರುತ್ತದೆ, ಕಾಲೇಜು ತಂಡವಾದರೋ ಸರ್ಕಾರದ್ದು, ಸರ್ಕಾರದ್ದೆಂದರೆ ಯಾರದ್ದೂ ಅಲ್ಲದ್ದು.

ಈ ಅರಿವು ಅವನಿಗೆ ಸುಲಭವಾಗಿ ಬಂದದ್ದಲ್ಲ. ಪ್ರೊ ಕಬಡ್ಡಿ ಲೀಗಿನ ಆರನೆಯ ಆವೃತ್ತಿಯ ಅಂತಿಮ ಪಂದ್ಯದಲ್ಲಿ, 2019ರ ಜನವರಿ 5ರಂದು, ಬೆಂಗಳೂರು ಬುಲ್ಸ್ ತಂಡವು ಗುಜರಾತ್ ತಂಡವನ್ನು 38–33 ಅಂಕಗಳಿಂದ ಸೋಲಿಸಿ, ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ತಂದಾಗ, ಇಡೀ ರಾಜ್ಯವೇ ಕಬಡ್ಡಿಯ ಕಡೆ ತಿರುಗಿದೆ ಎಂದು ನಂಬಿದ ಪಟ್ಟಿಯಣ್ಣರು ಮುಂದಿನ ಪಟ್ಟಿಯ ಕಾಲದಲ್ಲಿ ಬಾಗಿಲು ಬಾಗಿಲಿಗೆ ಹೋಗಿ ‘ನಮ್ಮ ಹುಡುಗ್ರೂ ನಾಳೆ ಬುಲ್ಸ್‌ಗೆ ಆಡೋರೇ’ ಎಂಬ ಘೋಷಣೆ ಹೊರಡಿಸಿದರು. ಬುಲ್ಸ್ ಎಂದರೆ ಹೋರಿಗಳು ಎಂಬಷ್ಟನ್ನು ಮೊಮ್ಮಗನಿಂದ ಕೇಳಿ ತಿಳಿದಿದ್ದ ಹಿರಿಯರು ಸಂತೋಷದಿಂದ ಎದ್ದು ಕುಳಿತು, ಯಾವ ಊರಿನ ಹೋರಿ, ಕೊಬ್ಬರಿಯದೋ ಪೀಪಿಯದೋ ಎಂದು ವಿಚಾರಿಸಿ, ಏಳು ಜನ ಹುಡುಗರ ವಿಷಯ ಎಂದು ತಿಳಿದ ಮೇಲೆ ಮತ್ತೆ ಗೋಡೆಗೆ ಒರಗಿದ ಪ್ರಸಂಗಗಳು ಊಹೆಗೆ ಮೀರಿದವಲ್ಲ.

ಪಟ್ಟಿಯಣ್ಣನ ಮನೆಭೇಟಿಯನ್ನು ಕಬಡ್ಡಿಯ ಪರಿಭಾಷೆಯಲ್ಲಿಯೇ ವಿವರಿಸುವುದು ಹೆಚ್ಚು ಸಮಂಜಸ. ಆ ಆಟದಲ್ಲಿ ರೈಡರ್ ಎಂಬವನು ಒಬ್ಬನೇ ಎದುರು ಅಂಕಣಕ್ಕೆ ಹೋಗಿ, ಬಾಯಿಯಲ್ಲಿ ‘ಕಬಡ್ಡಿ’ ಎಂಬ ಪದ ಬಿಡದೆ, 30 ಸೆಕೆಂಡಿನೊಳಗೆ ಯಾರನ್ನಾದರೂ ಮುಟ್ಟಿ ಹಿಂದಿರುಗಬೇಕು. ಎದುರಾಳಿಗಳು ಅವನನ್ನು ಹಿಡಿದು ನಿಲ್ಲಿಸಿದರೆ ಅಂಕ ಅವರದು, ಮೂವರೋ ಅದಕ್ಕಿಂತ ಕಡಿಮೆ ಜನರೋ ಉಳಿದಿರುವಾಗ ಹಿಡಿದರೆ ಅದು ಸೂಪರ್ ಟ್ಯಾಕಲ್, ಅದಕ್ಕೆ ಒಂದು ಅಂಕ ಹೆಚ್ಚು. ಪಟ್ಟಿಯಣ್ಣನೂ ಉಣುಗೋಲು ದಾಟಿದ ಕ್ಷಣದಿಂದ ‘ಕ್ರೀಡಾಕೂಟ, ಕ್ರೀಡಾಕೂಟ’ ಎಂದು ಪದ ಹಿಡಿದೇ ಒಳಗೆ ಬರುತ್ತಾನೆ, ಮನೆಯವರು ಕಾಫಿ ಕೊಟ್ಟು ಕೂರಿಸಿ, ಪಾಲುಪಟ್ಟಿಯ ವ್ಯಾಜ್ಯ ಸಾಗರದ ಕೋರ್ಟಿನಲ್ಲಿ ಯಾವ ಹಂತದಲ್ಲಿದೆ ಎಂಬುದನ್ನು ಹೇಳತೊಡಗಿ, ಅವನ ಪದ ಬಿಡಿಸಲು ಯತ್ನಿಸುತ್ತಾರೆ. ಇಡೀ ಹೋಬಳಿಯಲ್ಲಿ ಅತ್ಯಂತ ಅಪಾಯಕಾರಿ ಎದುರಾಳಿಯೆಂದರೆ ಮನೆಯಲ್ಲಿ ಒಬ್ಬಳೇ ಇರುವ ಅಜ್ಜಿ. ಅವಳು ‘ಬಾ ತಮ್ಮಾ, ದೇವ್ರ್ ಕಳ್ಸಿದಂಗೆ ಬಂದೆ’ ಎಂದು ಕರೆದು, ಸಂಧ್ಯಾ ಸುರಕ್ಷಾ ಪಿಂಚಣಿ ಬ್ಯಾಂಕಿಗೆ ಬಂತೋ ಇಲ್ಲವೋ ಎಂದು ಫೋನು ಮಾಡಿಸಿ, ಅಟ್ಟದ ಮೇಲಿನ ಉಪ್ಪಿನಕಾಯಿ ಭರಣಿ ಇಳಿಸಿಸಿ, ಗ್ಯಾಸ್ ಸಿಲಿಂಡರು ಬದಲಾಯಿಸಿಸಿ, ಕೊನೆಗೆ ‘ದುಡ್ಡು ಮಗನ್ ಹತ್ರ ಕೇಳು, ಅವ ಬೆಂಗ್ಳೂರಲ್ಲದಾನೆ’ ಎಂದು ಒಂದು ಮೊಗೆಕಾಯಿ ಕೈಗಿಟ್ಟು ಕಳಿಸುತ್ತಾಳೆ. ಇದು ಸೂಪರ್ ಟ್ಯಾಕಲ್. ಮೊಗೆಕಾಯಿಗೆ ರಸೀದಿ ಹರಿಯಬೇಕೋ ಬೇಡವೋ ಎಂಬ ಪ್ರಶ್ನೆಯಲ್ಲಿ ಪಟ್ಟಿಯಣ್ಣರಲ್ಲೇ ಭಿನ್ನಾಭಿಪ್ರಾಯವಿದೆ.

ಅಡಿಕೆ ಬೆಳೆಗಾರನ ಅಂಗಳದಲ್ಲಿ ನಡೆಯುವ ಆಟ ಇನ್ನೂ ದೀರ್ಘವಾದದ್ದು, ಅದರ ಒಂದು ಮಾದರಿಯನ್ನು ಇಲ್ಲಿ ಕೊಡಬಹುದು.

‘ಗೌಡ್ರೇ, ಹುಡುಗ್ರು ಜಿಲ್ಲಾ ಮಟ್ಟಕ್ಕೆ ಹೊರಟಿದಾರೆ.’

‘ಹೋಗ್ಲಿ ಮಾರಾಯ, ಒಳ್ಳೇದೇ ಆತಲ್ಲ. ನಾನೇನು ಬ್ಯಾಡ ಅಂದ್ನಾ?’

‘ಬೂಟು, ಬನೀನು, ಬಸ್ ಚಾರ್ಜು ಅಂತ…’

‘ಈ ಸಲ ಕೊಳೆ ಹೆಂಗೆ ಬಂತು ನೋಡಿದ್ಯಾ? ಮೂರು ಸಲ ಔಷಧಿ ಹೊಡ್ಸೀನಿ. ಮೂರು ಸಲ!’

ಕೊಳೆ ಎಂದರೆ ಮಳೆಗಾಲದಲ್ಲಿ ಎಳೆಯ ಅಡಿಕೆಯನ್ನು ಗೊನೆಯಲ್ಲೇ ಕೊಳೆಯಿಸಿ ಉದುರಿಸುವ ಶಿಲೀಂಧ್ರ ರೋಗ, ಔಷಧಿ ಎಂದರೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ. ಈ ಎರಡೂ ಪದಗಳು ಮಲೆನಾಡಿನಲ್ಲಿ ಸಸ್ಯಶಾಸ್ತ್ರಕ್ಕಿಂತ ಹೆಚ್ಚಾಗಿ ದೇಣಿಗೆ ಶಾಸ್ತ್ರಕ್ಕೆ ಸೇರಿದವು. ಕೊಳೆ ಬಾರದ ವರ್ಷ ರೇಟು ಬಿದ್ದಿರುತ್ತದೆ, ರೇಟು ಏರಿದ ವರ್ಷ ಎಲೆಚುಕ್ಕಿ ರೋಗ ಬಂದಿರುತ್ತದೆ, ಮೂರೂ ಇಲ್ಲದ ವರ್ಷ ಫಸಲನ್ನು ಮಾಮ್ಕೋಸಿನಲ್ಲಿ, ಎಂದರೆ 1939ರಿಂದ ನಡೆದುಬಂದಿರುವ ಮಲೆನಾಡು ಅಡಿಕೆ ಮಾರಾಟ ಸಹಕಾರ ಸಂಘದಲ್ಲಿ, ಇಟ್ಟಿರುವುದರಿಂದ ಕೈಯಲ್ಲಿ ನಗದು ಇರುವುದಿಲ್ಲ. ಇವನ್ನೆಲ್ಲ ತಲೆಯಾಡಿಸುತ್ತ, ನಡುನಡುವೆ ‘ಛೇ’ ಎನ್ನುತ್ತ ಕೇಳಿದ ಪಟ್ಟಿಯಣ್ಣ ಎದ್ದು ನಿಂತು, ಪುಸ್ತಕವನ್ನು ಚೀಲಕ್ಕೆ ಸೇರಿಸುವವನಂತೆ ನಟಿಸಿ, ಸೇರಿಸುವಾಗ ಹಿಂದಿನ ಹಾಳೆಯೊಂದು ಗೌಡರ ಕಣ್ಣಿಗೆ ಬೀಳುವಷ್ಟು ತೆರೆದುಕೊಳ್ಳುವಂತೆ ನೋಡಿಕೊಳ್ಳುತ್ತಾನೆ.

‘ಅದು ಯಾರ್ದು, ಐನೂರು?’

‘ಪಕ್ಕದ ತೋಟದೋರು. ನಾ ಕೇಳ್ಲಿಲ್ಲ, ಅವರೇ ಕರ್ದು ಬರ್ಸಿದ್ರು.’

‘ಅವ್ನಾ! ನನ್ನ ಬೇಲಿ ಒಂದೂವರೆ ಅಡಿ ಒತ್ತಿಕೊಂಡೋನು ದಾನ ಮಾಡ್ತಾನಾ? ಐನೂರ ಒಂದು ಬರಿ ನಂದು.’

ದೇಣಿಗೆಯ ಮೊತ್ತಕ್ಕೆ ಒಂದು ರೂಪಾಯಿ ಸೇರಿಸಿ 101, 501, 1,001 ಎಂದು ಕೊಡುವ ಪದ್ಧತಿಯನ್ನು ಶುಭಸೂಚಕವೆಂದು ಬಲ್ಲವರು ವಿವರಿಸುತ್ತಾರೆ, ಸೊನ್ನೆಯಲ್ಲಿ ಮುಗಿಯಬಾರದೆಂಬ ನಂಬಿಕೆಯೂ ಅದರ ಹಿಂದಿದೆ ಎನ್ನುತ್ತಾರೆ. ಉಳವಿ ಸೀಮೆಯಲ್ಲಿ ಆ ಒಂದು ರೂಪಾಯಿ ಒಂದೂವರೆ ಅಡಿ ಬೇಲಿಯ ಬೆಲೆಯೂ ಆಗಿರಬಹುದು ಎಂಬುದನ್ನು ಅವರು ಗಮನಿಸಿದಂತಿಲ್ಲ. ಪಟ್ಟಿಯಣ್ಣ ಅಲ್ಲಿಂದ ನೇರವಾಗಿ ಪಕ್ಕದ ತೋಟಕ್ಕೇ ಹೋಗುತ್ತಾನೆ, ಏಕೆಂದರೆ ಪಕ್ಕದ ತೋಟದವರು ಆವರೆಗೆ ಬರೆಸಿದ್ದು ಬರಿಯ ನೂರು ರೂಪಾಯಿ, ಐನೂರರ ಹಾಳೆ ಹೋದ ವರ್ಷದ್ದು.

ಸಂಖ್ಯೆಯ ಜೊತೆಗೆ ಹೆಸರಿನ ಪ್ರಶ್ನೆಯೂ ಉಂಟು, ಮತ್ತು ಇದರಲ್ಲಿ ಈ ನೆಲಕ್ಕೆ ನೂರಾರು ವರ್ಷದ ಅನುಭವವಿದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ದಾನಶಾಸನಗಳು, ಎಂದರೆ ಯಾರು ಯಾವ ದೇವಸ್ಥಾನಕ್ಕೆ ಎಷ್ಟು ಭೂಮಿ ಬಿಟ್ಟರೆಂದು ಕಲ್ಲಿನಲ್ಲಿ ಕೊರೆಸಿದ ರಸೀದಿಗಳು, ಹೆಜ್ಜೆಗೊಂದರಂತೆ ಸಿಕ್ಕಿವೆ. ಅಲ್ಲಿನ ಕೋಡಿಮಠದ 1162ರ ಶಾಸನವು ಓದುವವರಿಗೂ ಹಸಿದವರಿಗೂ ಕಾಯಿಲೆಯವರಿಗೂ ಆಶ್ರಯವಾಗಿದ್ದ ಸಂಸ್ಥೆಯೊಂದನ್ನು ವರ್ಣಿಸಿ ಹೆಸರಾಗಿದೆ. ಶಾಸನದ ನೆತ್ತಿಯಲ್ಲಿ ಸೂರ್ಯಚಂದ್ರರನ್ನು ಕೆತ್ತಿಸುವುದು, ದಾನಕ್ಕೆ ಕೈಹಾಕಿದವನು ಅರುವತ್ತು ಸಾವಿರ ವರ್ಷ ಹೊಲಸಿನ ಹುಳುವಾಗಿ ಹುಟ್ಟಲಿ ಎಂಬ ಶಾಪವನ್ನು ಕೊನೆಯಲ್ಲಿ ಸೇರಿಸುವುದು ಆ ಕಾಲದ ಕ್ರಮ. ಇಂದು ಅದೇ ಕೆಲಸವನ್ನು ಫ್ಲೆಕ್ಸ್ ಮಾಡುತ್ತದೆ: ನೆತ್ತಿಯಲ್ಲಿ ಸೂರ್ಯಚಂದ್ರರ ಬದಲು ಹಾಲಿ ಮತ್ತು ಮಾಜಿ ಶಾಸಕರು, ಕೆಳಗೆ ಸಾವಿರ ಕೊಟ್ಟವರ ಅಂಚೆಚೀಟಿ ಗಾತ್ರದ ಮುಖಗಳು, ಐದು ಸಾವಿರ ಕೊಟ್ಟವರು ಕಪ್ಪು ಕನ್ನಡಕ ಧರಿಸಿ ಮೊಬೈಲಿನಲ್ಲಿ ಮಾತಾಡುತ್ತಿರುವ ಮೊಣಕಾಲುದ್ದದ ಚಿತ್ರಗಳು, ಅವರೆಲ್ಲರ ಪಾದದ ಬಳಿ ಎಲ್ಲೋ ಒಂದು ಕಡೆ, ಅಂತರ್ಜಾಲದಿಂದ ಇಳಿಸಿಕೊಂಡ ಬೇರೆ ಯಾವುದೋ ರಾಜ್ಯದ ಕಬಡ್ಡಿ ತಂಡ. ಶಾಪಕ್ಕೆ ಜಾಗ ಉಳಿಯುವುದಿಲ್ಲವಾದರೂ ಪಟ್ಟಿಯ ಲೆಕ್ಕ ಕೊಡದವನ ಬಗ್ಗೆ ಊರಿನಲ್ಲಿ ಆಡುವ ಮಾತು ಹುಳುವಿಗಿಂತ ಕೆಳಗಿನದೇ ಆಗಿರುವುದರಿಂದ ಸಂಪ್ರದಾಯಕ್ಕೆ ಲೋಪ ಬಂದಿಲ್ಲ. ಕಲ್ಲು ಎಂಟುನೂರು ವರ್ಷ ನಿಂತಿತು, ಫ್ಲೆಕ್ಸ್ ಎಂಟು ದಿನ ನಿಂತು ಆಮೇಲೆ ಅದನ್ನು ಹಿಡಿದು ಕಟ್ಟಿದವನ ಸೌದೆಕೊಟ್ಟಿಗೆಯ ಮಾಡಿಗೆ ಹೋಗುತ್ತದೆ, ಅಲ್ಲಿ ದಾನಿಗಳ ಮುಖಗಳು ಒಳಮುಖವಾಗಿ ಸೌದೆಯನ್ನೇ ನೋಡುತ್ತ ಎರಡು ಮಳೆಗಾಲ ಕಳೆಯುತ್ತವೆ.

ಹುಡುಗರ ಓದು ಹಾಳಾಗುತ್ತದೆ ಎಂದು ಆಕ್ಷೇಪಿಸುವ ತಂದೆತಾಯಿಗಳಿಗೂ ಪಟ್ಟಿಯಣ್ಣ ಕಲ್ಲಿನಿಂದಲೇ ಉತ್ತರ ತರುತ್ತಾನೆ. ಅದೇ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನದ ಪ್ರಕಾರ ಅಲ್ಲಿಯ ಮಯೂರಶರ್ಮನು ಗುರುವಿನೊಂದಿಗೆ ಕಂಚಿಯ ಘಟಿಕೆಗೆ, ಎಂದರೆ ಆ ಕಾಲದ ಉನ್ನತ ವಿದ್ಯಾಕೇಂದ್ರಕ್ಕೆ ಹೋಗಿ, ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನೊಡನೆ ಜಗಳವಾಡಿ, ಓದನ್ನು ಬಿಟ್ಟು ಕತ್ತಿ ಹಿಡಿದು ಕದಂಬ ರಾಜ್ಯವನ್ನೇ ಕಟ್ಟಿದನು. 1975ರ ‘ಮಯೂರ’ ಚಿತ್ರದಲ್ಲಿ ರಾಜ್‌ಕುಮಾರ್ ಆ ಪಾತ್ರ ಮಾಡಿದ್ದರಿಂದ ಈ ಚರಿತ್ರೆ ಓದದವರಿಗೂ ಗೊತ್ತು. ಪಟ್ಟಿಯಣ್ಣನ ವ್ಯಾಖ್ಯಾನದಲ್ಲಿ ಮಯೂರನು ಓದು ಬಿಟ್ಟು ಅಖಾಡಕ್ಕಿಳಿದು ಉದ್ಧಾರವಾದ ಈ ಸೀಮೆಯ ಮೊದಲ ವಿದ್ಯಾರ್ಥಿ, ಅವನಿಗೂ ಹಾಜರಾತಿ ಕೊರತೆಯಾಗಿತ್ತು.

ಹೊರಗಿನ ಲೋಕದ ದಾನಪದ್ಧತಿಗಳೂ ಆಗಾಗ ಉಳವಿಯನ್ನು ತಲುಪುತ್ತವೆ, ತಲುಪುವಾಗ ಸ್ವಲ್ಪ ಸವೆದಿರುತ್ತವೆ. ಬೆಂಗಳೂರಿನಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ‘ಎಂಬತ್ತು ಜಿ ಇದೆಯಾ?’ ಎಂದು ಫೋನಿನಲ್ಲಿ ಕೇಳಿದರೆ ಪಟ್ಟಿಯಣ್ಣ ಪ್ರಾಮಾಣಿಕವಾಗಿ, ಎಂಬತ್ತು ಹಾಗಿರಲಿ, ಇಲ್ಲಿ ಫೋರ್ ಜಿಯೇ ಗುಡ್ಡ ಹತ್ತಿದರೆ ಮಾತ್ರ ಸಿಗುತ್ತದೆ ಎಂದು ಉತ್ತರಿಸುತ್ತಾನೆ. 80ಜಿ ಎಂಬುದು 1961ರ ಆದಾಯ ತೆರಿಗೆ ಕಾಯ್ದೆಯ ಕಲಮು, ನೋಂದಾಯಿತ ಸಂಸ್ಥೆಗೆ ಕೊಟ್ಟ ದೇಣಿಗೆಗೆ ತೆರಿಗೆಯಲ್ಲಿ ವಿನಾಯಿತಿ ಕೊಡುವಂಥದ್ದು, ಎರಡು ಸಾವಿರಕ್ಕಿಂತ ಹೆಚ್ಚಿನದನ್ನು ನಗದಾಗಿ ಕೊಟ್ಟರೆ ಆ ವಿನಾಯಿತಿ ಇಲ್ಲ ಎಂಬುದೆಲ್ಲ ಅವನಿಗೆ ತಿಳಿದಿದ್ದರೂ ಪ್ರಯೋಜನವಿರಲಿಲ್ಲ, ಏಕೆಂದರೆ ಅವನ ರಸೀದಿ ಪುಸ್ತಕ ನೋಂದಣಿಯಾಗಿರುವುದು ಊರಿನ ನೆನಪಿನಲ್ಲಿ ಮಾತ್ರ. ಸಿಎಸ್‌ಆರ್ ಎಂಬ ಮೂರಕ್ಷರವನ್ನು ಯಾರದೋ ಭಾಷಣದಲ್ಲಿ ಕೇಳಿದ ಮೇಲೆ ಅವನು ಅಕ್ಕಿ ಗಿರಣಿಯವರ ಬಳಿ ಹೋಗಿ ‘ನಿಮ್ದು ಸಿಎಸ್‌ಆರ್ ಬಾಕಿ ಐತಲ್ಲ’ ಎಂದಾಗ, ಅವರು ಅದನ್ನು ಜಿಎಸ್‌ಟಿಯ ತಮ್ಮನೆಂದು ಭಾವಿಸಿ ಬೆವರಿದ್ದೂ ಸಹಜವೇ. ಸಿಎಸ್‌ಆರ್ ಹಣವನ್ನು, ಎಂದರೆ ಕಂಪನಿಗಳು ಸಾಮಾಜಿಕ ಹೊಣೆಯೆಂದು ಖರ್ಚು ಮಾಡುವ ಹಣವನ್ನು, ಗ್ರಾಮೀಣ ಕ್ರೀಡೆಗಳ ತರಬೇತಿಗೆ ಕೊಡಬಹುದೆಂದು 2013ರ ಕಂಪನಿ ಕಾಯ್ದೆ ಸ್ಪಷ್ಟವಾಗಿ ಹೇಳಿದೆ, ಆದರೆ ಆ ಖರ್ಚು ಕಡ್ಡಾಯವಾಗುವುದು 500 ಕೋಟಿ ರೂಪಾಯಿ ನಿವ್ವಳ ಮೌಲ್ಯವೋ, 1,000 ಕೋಟಿ ವಹಿವಾಟೋ, 5 ಕೋಟಿ ನಿವ್ವಳ ಲಾಭವೋ ಇರುವ ಕಂಪನಿಗೆ. ಉಳವಿಯ ಅಂಗಡಿ ಸಾಲಿನಲ್ಲಿ ಅಂಥ ಕಂಪನಿಯ ಉತ್ಪನ್ನಗಳು ಸಿಗುತ್ತವೆ, ಕಂಪನಿ ಸಿಗುವುದಿಲ್ಲ.

ಅಮೆರಿಕದ ಕಾಲೇಜುಗಳಲ್ಲಿ ಇದೇ ಕಸುಬು ದೊಡ್ಡ ಉದ್ಯಮವಾಗಿ ಬೆಳೆದಿದೆ. ದಕ್ಷಿಣ ಕೆರೊಲಿನಾದ ಕ್ಲೆಮ್ಸನ್ ಎಂಬಲ್ಲಿ, ಕೃಷಿ ಕಾಲೇಜಾಗಿ ಬೆಳೆದ ಸಂಸ್ಥೆಯೊಂದರ ಫುಟ್‌ಬಾಲ್ ತಂಡಕ್ಕಾಗಿ 1934ರಲ್ಲಿ, ಎಂದರೆ ಮಹಾ ಆರ್ಥಿಕ ಕುಸಿತದ ನಡುವೆ, ಅಭಿಮಾನಿಗಳು ‘ವರ್ಷಕ್ಕೆ ಹತ್ತು ಡಾಲರು ಕೊಡುತ್ತೇನೆ’ ಎಂಬ ಇಂಗ್ಲಿಷ್ ವಾಕ್ಯದ ಮೊದಲಕ್ಷರಗಳಿಂದ ಹೆಸರಿಟ್ಟ ‘ಐಪ್‌ಟೇ’ ಎಂಬ ಸಂಘವನ್ನು ಕಟ್ಟಿದರು; ಹತ್ತು ಡಾಲರು ಹೊಂದಿಸಲಾಗದ ರೈತರು ಹಾಲು, ಗೆಣಸು, ಸೊಪ್ಪು ತಂದು ಕೊಟ್ಟರೆಂದೂ ಅಲ್ಲಿಯವರು ಹೇಳಿಕೊಳ್ಳುತ್ತಾರೆ, ಹೀಗಾಗಿ ಮೊಗೆಕಾಯಿಯ ಪ್ರಶ್ನೆ ಜಾಗತಿಕವಾದದ್ದೇ. ಈಗ ಅಲ್ಲಿ ಹೆಚ್ಚು ಕೊಟ್ಟವರಿಗೆ ಮೈದಾನದಲ್ಲಿ ಒಳ್ಳೆಯ ಆಸನ, ಗಾಡಿ ನಿಲ್ಲಿಸಲು ಹತ್ತಿರದ ಜಾಗ ಸಿಗುತ್ತವೆ. ಉಳವಿಯಲ್ಲಿ ಅದಕ್ಕೆ ಸಮನಾದದ್ದು ವೇದಿಕೆಯ ಮುಂದಿನ ಸಾಲಿನ ಕೆಂಪು ಪ್ಲಾಸ್ಟಿಕ್ ಕುರ್ಚಿ, ಮತ್ತು ‘ದಯಮಾಡಿ ವೇದಿಕೆಗೆ ಆಗಮಿಸಬೇಕು’ ಎಂದು ಮೈಕಿನಲ್ಲಿ ಮೂರು ಬಾರಿ ಕರೆಸಿಕೊಂಡು ನಾಲ್ಕನೆಯದಕ್ಕೆ ಏಳುವ ಅವಕಾಶ.

ಆದರೂ ಅಮೆರಿಕದ ದಾನಿ ಹಣ ಕೊಟ್ಟು ಕೊಂಡುಕೊಳ್ಳುವುದು ಆಸನವನ್ನಲ್ಲ ಎಂಬುದು ಅವನು ತಂಡ ಸೋತ ಮರುದಿನ ತರಬೇತುದಾರನನ್ನು ತೆಗೆದುಹಾಕಿ ಎಂದು ಕೂಗುವಾಗ ಗೊತ್ತಾಗುತ್ತದೆ. ಪಟ್ಟಿಯಣ್ಣ ಈ ತತ್ತ್ವವನ್ನು ಯಾವ ಗ್ರಂಥದ ನೆರವೂ ಇಲ್ಲದೆ, ಹೋರಿಯ ಹಿಂದೆ ಓಡುವವರನ್ನು ನೋಡಿಯೇ ಕಂಡುಕೊಂಡಿದ್ದಾನೆ. ಗೆಲುವನ್ನು ಅವನು ಮಾರಲಾರ, ಅದು ಅವನ ಬಳಿ ದಾಸ್ತಾನಿರುವುದಿಲ್ಲ. ನಿಜವಾಗಿ ಚೆನ್ನಾಗಿ ಆಡುವ ಹುಡುಗ ಹತ್ತನೆಯ ತರಗತಿ ಮುಗಿದೊಡನೆ ಘಟ್ಟ ಇಳಿದು, ಕ್ರೀಡಾಪಟುಗಳನ್ನು ದತ್ತು ಪಡೆದು ಉಚಿತವಾಗಿ ಓದಿಸುವ ಮೂಡುಬಿದಿರೆಯ ಆಳ್ವಾಸ್‌ಗೆ ಹೋಗಿಬಿಡುವ ಸಾಧ್ಯತೆಯೇ ಹೆಚ್ಚಾದ್ದರಿಂದ, ಪಟ್ಟಿ ಎತ್ತುವುದು ಯಾವಾಗಲೂ ಉಳಿದವರಿಗಾಗಿ. ಅವನು ಮಾರುವುದು ‘ನಮ್ಮ ಹುಡುಗರು’ ಎನ್ನುವ ಹಕ್ಕನ್ನು, ಅದರೊಳಗೇ ಸೇರಿರುವ, ಅದಕ್ಕಿಂತ ಹೆಚ್ಚು ಬೇಡಿಕೆಯ, ಅವರನ್ನು ಬೈಯುವ ಹಕ್ಕನ್ನು.

ಈ ವ್ಯಾಪಾರ ಹೇಗೆ ಕುದುರುತ್ತದೆ ಎಂಬುದನ್ನು ನೋಡಲು ಪಂದ್ಯದ ಮರುದಿನ ಬೆಳಗ್ಗೆ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಕುಳಿತರೆ ಸಾಕಾಗುತ್ತದೆ. ತಂಡ ಶಿವಮೊಗ್ಗದಲ್ಲಿ ಮೊದಲ ಸುತ್ತಿನಲ್ಲೇ ಸೋತು, ನಡುರಾತ್ರಿ ಬಂದಿಳಿದಿದೆ. ಸೀಟಿ ಹಾಕಿಕೊಂಡು ಹೋಗಿದ್ದ ಅರ್ಥಶಾಸ್ತ್ರದ ಉಪನ್ಯಾಸಕರು ರಜೆ ಹಾಕಿದ್ದಾರೆ. ಪಟ್ಟಿಯಣ್ಣ ಮೂಲೆಯ ಮೇಜಿನಲ್ಲಿ ಪುಸ್ತಕ ಬಿಚ್ಚಿ, ಬೂಟಿನ ಅಂಗಡಿಯ ಬಾಕಿಯನ್ನು ಬರೆಯುವ ಪೆನ್ನಿನಿಂದ ಕೂಡಿಸುತ್ತಿದ್ದಾನೆ. ಮೂರು ಬಾರಿ ಮನೆಗೆ ಹೋದಾಗಲೂ ‘ನೆಟ್‌ವರ್ಕ್ ಬಂದ್ಮೇಲೆ ಫೋನ್‌ಪೇ ಮಾಡ್ತೀನಿ’ ಎಂದು ಕಳಿಸಿದ್ದ ಕ್ರೀಡಾಭಿಮಾನಿಯೊಬ್ಬ ಬನ್ಸು ಮುರಿಯುತ್ತ, ಇಡೀ ಹೋಟೆಲಿಗೆ ಕೇಳುವಂತೆ, ಬೋನಸ್ ಗೆರೆ ಎಲ್ಲಿದೆ ಎಂದು ಗೊತ್ತಿಲ್ಲದವರು ಜಿಲ್ಲಾ ಮಟ್ಟಕ್ಕೆ ಹೋಗಿ ಊರಿನ ಮರ್ಯಾದೆ ಕಳೆದರೆಂದು ಆರಂಭಿಸಿ, ಎಡಮೂಲೆಯ ಹುಡುಗನ ಕಾಲು ಹಿಡಿಯುವ ಕ್ರಮದ ವಿಮರ್ಶೆಗೆ ಬಂದಾಗ, ಪಟ್ಟಿಯಣ್ಣ ತಲೆಯೆತ್ತದೆ ಕೇಳುತ್ತಾನೆ.

‘ರಸೀದಿ ನಂಬರ್ ಎಷ್ಟು ನಿಮ್ದು?’

‘ಎಂತ ರಸೀದಿ?’

‘ಬೈತಾ ಇದೀರಲ್ಲ. ಪಟ್ಟಿ ಕೊಟ್ಟ ರಸೀದಿ.’

‘ನಾಳೆ ಕೊಡ್ತೀನಿ ಅಂದಿದ್ನಲ್ಲ ಮಾರಾಯ.’

‘ಹಂಗಾದ್ರೆ ನಾಳೆ ಬೈರಿ.’

ಹೋಟೆಲಿನಲ್ಲಿ ಆಗ ಉಂಟಾಗುವ ಮೌನ ಮೂವತ್ತು ಸೆಕೆಂಡಿಗೆ ಮೀರುವುದಿಲ್ಲ. ಕ್ರೀಡಾಭಿಮಾನಿ ಸುತ್ತ ನೋಡುತ್ತಾನೆ, ನೂರೊಂದು ಕೊಟ್ಟವರೆಲ್ಲ ಚಹಾ ಲೋಟದಾಚೆಯಿಂದ ಅವನನ್ನೇ ನೋಡುತ್ತಿರುತ್ತಾರೆ. ಅವನು ಪಂಚೆಯನ್ನು ಸರಿಸಿ, ಪಟ್ಟಾಪಟ್ಟಿ ಚಡ್ಡಿಯ ಜೇಬಿನಿಂದ ಬೆವರಿಗೆ ಮೆತ್ತಗಾದ ಇನ್ನೂರರ ನೋಟೊಂದನ್ನು ತೆಗೆದು ಮೇಜಿನ ಮೇಲೆ ಇಡುತ್ತಾನೆ. ಪಟ್ಟಿಯಣ್ಣ ದಿನಾಂಕವನ್ನು ಪಂದ್ಯಕ್ಕೆ ಮೊದಲಿನದ್ದಾಗಿ ಹಾಕಿ, ಹೆಸರಿಗೆ ಮೊದಲು ‘ಶ್ರೀಯುತ’ ಸೇರಿಸಿ, ತೂತಿನ ಸಾಲಿನಲ್ಲಿ ಹಾಳೆಯನ್ನು ನಾಜೂಕಾಗಿ ಹರಿದು ಕೈಗೆ ಕೊಡುತ್ತಾನೆ. ಕ್ರೀಡಾಭಿಮಾನಿ ಅದನ್ನು ಓದಿ, ನಾಲ್ಕಾಗಿ ಮಡಚಿ ಜೇಬಿಗೆ ಸೇರಿಸಿ, ಉಳಿದ ಬನ್ಸನ್ನು ಚಹಾದಲ್ಲಿ ಅದ್ದಿ, ಎಡಮೂಲೆಯ ಹುಡುಗನ ಕಾಲಿನ ವಿಷಯವನ್ನು ಬಿಟ್ಟಲ್ಲಿಂದಲೇ ಎತ್ತಿಕೊಳ್ಳುತ್ತಾನೆ. ಈ ಬಾರಿ ‘ಆ ಹುಡುಗ’ ಎನ್ನುವುದಿಲ್ಲ, ‘ನಮ್ಮ ಹುಡುಗ’ ಎನ್ನುತ್ತಾನೆ, ಮತ್ತು ಮೊದಲಿಗಿಂತ ಗಟ್ಟಿಯಾಗಿ ಬೈಯುತ್ತಾನೆ.